ಸೀಸದ ಗುಂಡಿಗೆ ಬದಲೇನು?

ನಮ್ಮ ಮಾಮು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದಲ್ಲಿ ಮೀನು ಹಿಡಿಯುತ್ತಾರೆ. ದಸರಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಒಲೆಯ ಮೇಲೆ ಹಳೇ ಬಾಣಲೆ ಇಟ್ಟು, ಗುಜರಿ ಅಂಗಡಿಯಿಂದ ತಂದ ಸೀಸವನ್ನು ಕರಗಿಸುತ್ತಿದ್ದರು. ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನು ಅವರೇ ಎರಕ ಹೊಯ್ದುಕೊಳ್ಳುತ್ತಾರೆ. ಅವರ ಮೂರು ವರ್ಷದ ಮಗಳು ಪಕ್ಕದಲ್ಲೇ ಕುಳಿತು, ಆರಿದ ಗುಂಡುಗಳನ್ನು ಗೋಲಿಯಂತೆ ಉರುಳಿಸುತ್ತಿದ್ದಳು. ಒಂದನ್ನು ಬಾಯಿಗೂ ಹಾಕಿಕೊಂಡಳು. ನಾನು ಓಡಿಹೋಗಿ ತೆಗೆದೆ.

"ಏನೂ ಆಗಲ್ಲ ಬಿಡು ಬೇಟಾ, ನಾವೂ ಹಿಂಗೇ ಆಡ್ಕೊಂಡು ಬೆಳೆದೋರು" ಎಂದು ಮಾಮು ನಕ್ಕರು.

ನಿಜವಾಗಿಯೂ ಏನೂ ಆಗುವುದಿಲ್ಲವೇ? ಕಾಲೇಜಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಓದತೊಡಗಿದೆ. ಮೊದಲು ಸಿಕ್ಕಿದ್ದು ಹಕ್ಕಿಗಳ ಕಥೆ.

ಗುರಿ ತಪ್ಪಿದ ಗುಂಡೂ ಕೊಲ್ಲುತ್ತದೆ

ಹಕ್ಕಿ ಬೇಟೆಯ ತೋಟಾದೊಳಗೆ ನೂರಾರು ಸಣ್ಣ ಸೀಸದ ಗುಂಡುಗಳಿರುತ್ತವೆ. ಅವುಗಳಲ್ಲಿ ಹಕ್ಕಿಗೆ ತಗಲುವುದು ಕೆಲವೇ. ಉಳಿದವು ಕೆರೆಯ ಕೆಸರಿಗೆ ಬೀಳುತ್ತವೆ. ಬಾತುಕೋಳಿಗೆ ಹಲ್ಲಿಲ್ಲ. ಅದು ಸಣ್ಣ ಕಲ್ಲುಗಳನ್ನು ನುಂಗಿ, ಗಿಜಾರ್ಡ್ ಎಂಬ ಗಟ್ಟಿ ಚೀಲದಲ್ಲಿ ಅವುಗಳ ನೆರವಿನಿಂದ ಕಾಳನ್ನು ಅರೆಯುತ್ತದೆ. ಕೋಳಿ ಕೊಯ್ದಾಗ ಮರಳು ತುಂಬಿದ ಈ ಚೀಲವನ್ನು ನೀವೂ ನೋಡಿರುತ್ತೀರಿ. ಕಲ್ಲೆಂದು ನುಂಗಿದ ಸೀಸ ಅಲ್ಲಿ ಸವೆದು, ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಮೂಳೆಗೂ ನರಗಳಿಗೂ ಕಳಿಸುತ್ತದೆ. ರೆಕ್ಕೆ ಜೋತುಬೀಳುತ್ತದೆ, ತಿಂದದ್ದು ಮುಂದೆ ಸರಿಯುವುದಿಲ್ಲ. ಆಹಾರದ ನಡುವೆಯೇ ಹಕ್ಕಿ ಸೊರಗಿ ಸಾಯುತ್ತದೆ. ಅದನ್ನು ತಿಂದ ಹದ್ದಿಗೂ ವಿಷ ಏರಬಹುದು.

ಇದೇ ಕಾರಣಕ್ಕೆ ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಬಗೆಯ ಬೇಟೆಗೂ ಈ ಗುಂಡನ್ನು ನಿಲ್ಲಿಸಿತು. 2023ರ ಫೆಬ್ರವರಿಯಿಂದ ಯುರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಲ್ಲೂ ನಿಷೇಧವಿದೆ.

ಬದಲಿ ಲೋಹಗಳು

ಬದಲಿ ಹುಡುಕುವಾಗ ಮುಖ್ಯ ಪ್ರಶ್ನೆ ಸಾಂದ್ರತೆಯದು. ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಕಬ್ಬಿಣ 7.9 ಗ್ರಾಂ, ಬಿಸ್ಮತ್ 9.8 ಗ್ರಾಂ, ಟಂಗ್‌ಸ್ಟನ್ 19.3 ಗ್ರಾಂ. ಕಬ್ಬಿಣ ಅಗ್ಗ, ಆದರೆ ಹಗುರ. ಹಾಗಾಗಿ ಬೇಟೆಗಾರರು ಸ್ವಲ್ಪ ದಪ್ಪನೆಯ ಉಕ್ಕಿನ ಗುಂಡು ಬಳಸುತ್ತಾರೆ. ಟಂಗ್‌ಸ್ಟನ್ ಭಾರ, ಆದರೆ ದುಬಾರಿ. ಬಿಸ್ಮತ್ ಆವರ್ತಕ ಕೋಷ್ಟಕದಲ್ಲಿ ಸೀಸದ ಪಕ್ಕದ ಮನೆಯದು. ಸೀಸ 82, ಬಿಸ್ಮತ್ 83. ಆದರೂ ವಿಷಗುಣ ತೀರಾ ಕಡಿಮೆ. ಹೊಟ್ಟೆಯ ಕೆಲವು ಔಷಧಿಗಳಲ್ಲಿ ಬಿಸ್ಮತ್ ಸಂಯುಕ್ತವೇ ಇರುತ್ತದೆ.

ನಮಗೇಕೆ ಈ ಮಾತು?

ನಮ್ಮ ದೇಶದಲ್ಲಿ ಹಕ್ಕಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗುಂಡು ಯಾವ ಲೋಹದ್ದಾದರೂ ಅಷ್ಟೇ. ಆದರೆ ಸೀಸ ನಮ್ಮ ನೀರಿಗೆ ಬರಲು ಬಂದೂಕೇ ಬೇಕಿಲ್ಲ, ಬಲೆ ಮತ್ತು ಗಾಳ ಸಾಕು. ಬ್ರಿಟನ್ನಿನಲ್ಲಿ ಗಾಳದ ಸೀಸದ ತುಣುಕುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದವು. 1987ರಲ್ಲಿ ಅಂಥ ಸಣ್ಣ ತುಣುಕುಗಳ ಮಾರಾಟ ನಿಂತ ಮೇಲೆ ಹಂಸಗಳ ಸಂಖ್ಯೆ ಚೇತರಿಸಿಕೊಂಡಿತು.

ವೇದಾವತಿ ನದಿಯ ನಮ್ಮ ಮಾರಿಕಣಿವೆ ಅಣೆಕಟ್ಟು 1907ರಲ್ಲಿ ಮುಗಿದದ್ದು. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ನೋಡಲು ಹೋಗಿದ್ದೆವು. ಇದರ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನ ತೆಳುನೀರಿನಲ್ಲಿ ಬಾತುಗಳು ಮೇಯುತ್ತವೆ. ಹರಿದ ಬಲೆಯ, ತುಂಡಾದ ಗಾಳದ ಸೀಸ ಉಳಿಯುವುದೂ ಅಲ್ಲೇ. ಸೀಸ ಕೊಳೆಯುವುದಿಲ್ಲ. ಹೊಳಲ್ಕೆರೆ, ಚಿತ್ರದುರ್ಗದ ಕೆರೆಗಳಲ್ಲಿ ಗಾಳ ಹಾಕುವ ಗೆಳೆಯರಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ಮಕ್ಕಳ ವಿಷಯ. ಸೀಸದ ಮಟ್ಟಿಗೆ "ಇಷ್ಟಾದರೆ ತೊಂದರೆಯಿಲ್ಲ" ಎನ್ನುವ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ, ಬೆಳೆಯುವ ಮೆದುಳಿಗೆ ಪೆಟ್ಟು ಬೀಳುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಮನೆಯ ಒಲೆ ಸಾಕಾಗುವುದರಿಂದಲೇ ಈ ಕೆಲಸ ಅಡುಗೆಮನೆಗೆ ಬಂದಿದೆ. ಅದರ ಹೊಗೆ, ದೂಳು ಪಾತ್ರೆಗಳ ಮೇಲೂ ನೆಲದ ಮೇಲೂ ಕೂರುತ್ತದೆ.

ಮಾಮುವಿನ ಲೆಕ್ಕ

ಮುಂದಿನ ಬಾರಿ ಹೋದಾಗ ಇದನ್ನೆಲ್ಲ ಹೇಳಿದೆ. "ಕಬ್ಬಿಣ ಹಗುರ ಬೇಟಾ. ಬಲೆ ಮುಳುಗೋದ್ರೊಳಗೆ ಮೀನು ಹೋಗಿರುತ್ತೆ" ಎಂದರು. ಇದು ಅನುಭವದ ಮಾತು, ತಳ್ಳಿಹಾಕುವಂತಿರಲಿಲ್ಲ. ನೋಟ್‌ಬುಕ್ ತೆಗೆದು ಆರ್ಕಿಮಿಡೀಸ್ ತತ್ವದ ಲೆಕ್ಕ ಹಾಕಿದೆ. 100 ಗ್ರಾಂ ಸೀಸ ನೀರಿನೊಳಗೆ ಸುಮಾರು 91 ಗ್ರಾಂ ತೂಗುತ್ತದೆ. 100 ಗ್ರಾಂ ಕಬ್ಬಿಣ 87 ಗ್ರಾಂ. ವ್ಯತ್ಯಾಸ ನಾಲ್ಕೇ ಗ್ರಾಂ! ಕಲ್ಲಾದರೆ 63ಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ತೂಕದ ಕಬ್ಬಿಣ ಕಟ್ಟಿ, ಮೇಲೆ ಸ್ವಲ್ಪ ಸೇರಿಸಿದರೆ ಸಾಕು. ಗುಂಡು ಮಾತ್ರ ಗಾತ್ರದಲ್ಲಿ ಸುಮಾರು ಒಂದೂವರೆ ಪಟ್ಟಾಗುತ್ತದೆ.

ಎರಕ ಹೊಯ್ಯುವ ಕೆಲಸವೂ ಇಲ್ಲ. ಲಾರಿ ಗ್ಯಾರೇಜಿನ ಹಳೇ ನಟ್ಟುಗಳಿಗೆ ತೂತು ಮೊದಲೇ ಇರುತ್ತದೆ. ಗ್ರೀಸ್ ತೊಳೆದು ಹಗ್ಗಕ್ಕೆ ಪೋಣಿಸಿದರಾಯಿತು. ಸತು ಲೇಪಿಸಿದ ಹೊಳಪಿನ ನಟ್ಟು ಬೇಡ, ನುಂಗಿದ ಹಕ್ಕಿಗೆ ಸತುವೂ ವಿಷ. ಬರೀ ಕಬ್ಬಿಣ ತುಕ್ಕು ಹಿಡಿಯುತ್ತದೆ, ನಿಜ. ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು.

ಮಾಮು ಪೂರ್ತಿ ಒಪ್ಪಿಲ್ಲ. ಹಳೆಯ ಬಲೆಯೊಂದಕ್ಕೆ ಮಾತ್ರ ನಟ್ಟು ಕಟ್ಟಿದ್ದಾರೆ. "ಒಂದು ಮಳೆಗಾಲ ನೋಡೋಣ" ಎಂದಿದ್ದಾರೆ. ಆದರೆ ಬಾಣಲೆಯನ್ನು ಮಾಮಿ ಅಂದೇ ಅಡುಗೆಮನೆಯಿಂದ ಹೊರಗೆ ಹಾಕಿದರು. ಉಳಿದ ಸೀಸದ ಗುಂಡುಗಳೆಲ್ಲ ಈಗ ಮಗುವಿನ ಕೈಗೆ ಎಟುಕದ ಅಟ್ಟದ ಮೇಲಿವೆ.

ನಿಮ್ಮ ಮನೆಯಲ್ಲೂ ಬಲೆ, ಗಾಳ ಇದ್ದರೆ ಇವತ್ತು ಒಮ್ಮೆ ನೋಡಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ