ಕ್ಯಾಸನೂರಿನ ಇಲಿಮರಿ, ಒಹಾಯೊದ ಕೋಳಿ

1957ರ ಬೇಸಿಗೆಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್‌ಫೋರ್ಡ್ ವರ್ಕ್ ಅವರ ತಂಡ ಬಂತು. ಹಾಲು ಕುಡಿಯುವ ಇಲಿಮರಿಗಳಿಗೆ ರಕ್ತದ ಮಾದರಿ ಚುಚ್ಚಿ ವೈರಾಣುವನ್ನು ಹಿಡಿದರು. ಅದನ್ನು ಹರಡುವುದು ಉಣುಗು ಎಂಬುದೂ ಬಯಲಾಯಿತು.

ಇಲಿಯ ಪಾಲಿನ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಗುಣವಾದವರ ಸೀರಮ್ಮನ್ನು ವೈರಾಣುವಿನ ಜೊತೆ ಬೆರೆಸಿ ಇಲಿಗೆ ಚುಚ್ಚುವ ಪರೀಕ್ಷೆಯೊಂದಿದೆ. ಇಲಿ ಬದುಕಿದರೆ ಆ ಸೀರಮ್ಮಿನಲ್ಲಿ ಪ್ರತಿಕಾಯ ಉಂಟು. ಪ್ರತಿಕಾಯವನ್ನು ಪ್ಲಾಸ್ಮಾ ಕೋಶಗಳು ತಯಾರಿಸುತ್ತವೆ ಎಂಬುದು ಆಗಲೇ ತಿಳಿದಿತ್ತು. ಆ ಕೋಶಗಳ ತವರು ಯಾವುದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಉತ್ತರದ ಎಳೆ ಹಿಂದಿನ ವರ್ಷವೇ ಅಚ್ಚಾಗಿತ್ತು, ಅದೂ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ! ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ, ಕೋಳಿಯ ಗುದದ್ವಾರದ ಬಳಿಯಿರುವ 'ಬರ್ಸಾ' ಎಂಬ ಪುಟ್ಟ ಚೀಲ ಏನು ಮಾಡುತ್ತದೆಂದು ತಿಳಿಯಲು ಅದನ್ನು ಕತ್ತರಿಸಿ ತೆಗೆಯುತ್ತಿದ್ದ. ಕಂಡದ್ದು ಹೆಚ್ಚೇನಿಲ್ಲ. ಅಷ್ಟರಲ್ಲಿ ಗೆಳೆಯ ತಿಮೊಥಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯ ತೋರಿಸಲು ಕೋಳಿಗಳು ಬೇಕಾದವು. ಗ್ಲಿಕ್ ತನ್ನವನ್ನೇ ಕೊಟ್ಟ. ಚಾಂಗ್ ಸಾಲ್ಮೊನೆಲ್ಲಾ ಚುಚ್ಚಿದರೆ, ಬರ್ಸಾ ಕಳೆದುಕೊಂಡ ಕೋಳಿಗಳಲ್ಲಿ ಕೆಲವು ಸತ್ತವು, ಉಳಿದವು ಪ್ರತಿಕಾಯವನ್ನೇ ಹುಟ್ಟಿಸಲಿಲ್ಲ. ಪಾಠ ಕೆಟ್ಟಿತು, ಶೋಧ ದಕ್ಕಿತು. ದೊಡ್ಡ ವಿಜ್ಞಾನ ಪತ್ರಿಕೆ ಆ ಬರಹವನ್ನು ತಿರುಗಿಸಿ ಕಳಿಸಿತು. ವೈದ್ಯಲೋಕದ ಕಣ್ಣಿಗೆ ಅದು ಬೀಳಲು ವರ್ಷಗಳೇ ಹಿಡಿದವು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಸಂಗಡಿಗರು ಬರ್ಸಾದ ಕೋಶಗಳೇ ಬೇರೆ, ಥೈಮಸ್ ಗ್ರಂಥಿಯವೇ ಬೇರೆ ಎಂದು ತೋರಿಸಿದರು. ಮೊದಲಿನವು ಬಿ ಕೋಶಗಳಾದವು. ಇಲಿಗಾಗಲಿ ನಮಗಾಗಲಿ ಬರ್ಸಾ ಇಲ್ಲ, ನಮ್ಮಲ್ಲಿ ಅವು ಹುಟ್ಟುವುದು ಮೂಳೆಮಜ್ಜೆಯಲ್ಲಿ. ಅಲ್ಲಿಂದ ಹೊರಟು ದುಗ್ಧಗ್ರಂಥಿಗಳಲ್ಲಿ ಗುಂಪುಗೂಡುತ್ತವೆ. ರೋಗಾಣು ಬಂದಾಗ ಅಲ್ಲೇ ಮರಿ ಮಾಡುತ್ತ, ತಮ್ಮ ಜೀನನ್ನು ತಿದ್ದುತ್ತ, ಹೆಚ್ಚು ಬಿಗಿಯಾಗಿ ಹಿಡಿಯುವ ಪ್ರತಿಕಾಯದತ್ತ ಸಾಗುತ್ತವೆ. ಕೆಲವು ಪ್ಲಾಸ್ಮಾ ಕೋಶಗಳಾಗುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಇಂದು ಇಲಿಯ ಗ್ರಂಥಿಯನ್ನು ಬಿಡಿಸಿ, ಕೋಶಗಳ ಮೇಲ್ಮೈ ಗುರುತುಗಳಿಗೆ ಹೊಳೆಯುವ ಬಣ್ಣ ಅಂಟಿಸಿ, ಫ್ಲೋ ಸೈಟೊಮೀಟರಿನಲ್ಲಿ ಒಂದೊಂದಾಗಿ ಹಾಯಿಸಿ ಯಾವುದು ಯಾವ ಹಂತದ್ದೆಂದು ಎಣಿಸಬಹುದು.

ಕ್ಯಾಸನೂರಿನ ಆ ಜ್ವರದಲ್ಲಿ, ಅಂದರೆ ಮಂಗನ ಕಾಯಿಲೆಯಲ್ಲಿ, ರೋಗಿಯ ದುಗ್ಧಗ್ರಂಥಿಗಳೂ ಊದಿಕೊಳ್ಳುತ್ತವೆ. ಅದಕ್ಕೆ ನಮ್ಮಲ್ಲಿ ಕೊಡುತ್ತಿದ್ದ ಲಸಿಕೆಯನ್ನು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸುತ್ತಿದ್ದರು. 2005-10ರ ಅಧ್ಯಯನದಲ್ಲಿ ಅದರ ರಕ್ಷಣೆ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83 ಎಂದು ಕಂಡಿತು. ಮಲೆನಾಡಿನ ಜನ ವರ್ಷ ವರ್ಷವೂ ತೋಳು ಒಡ್ಡಬೇಕಿತ್ತು. 2022ರಲ್ಲಿ ಆ ಲಸಿಕೆಯೂ ನಿಂತಿತು.

ಇನ್ನು ಬರುವ ಹೊಸ ಲಸಿಕೆಯನ್ನು ಇಲಿ ಬದುಕಿತೇ ಎಂಬುದೊಂದರಿಂದಲೇ ಅಳೆಯಬಾರದು. ಆ ಇಲಿಯ ಗ್ರಂಥಿಯಲ್ಲಿ ನೆನಪಿನ ಬಿ ಕೋಶಗಳು ಎಷ್ಟು ಹುಟ್ಟಿದವು, ತಿಂಗಳುಗಳಾದ ಮೇಲೆ ಎಷ್ಟು ಉಳಿದವು ಎಂಬ ಲೆಕ್ಕವನ್ನು ಸೊರಬ, ಸಾಗರ, ತೀರ್ಥಹಳ್ಳಿಯ ಜನರ ಮುಂದೆ ಇಡಬೇಕು.