ಪಂಪಿನ ಮೋಟಾರು ಸುಡುವುದೇಕೆ? ಸ್ಟಾರ್-ಡೆಲ್ಟಾ ಸ್ಟಾರ್ಟರಿನ ವಿಚಾರ

ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ರೈತ ಬಾಂಧವರಲ್ಲಿ ಬಾವಿಗೆ ಮೋಟಾರು ಕೂಡ್ರಿಸಿದವರು ಇಂದು ಬಹಳ ಜನ. ಕಬ್ಬಿರಲಿ, ದ್ರಾಕ್ಷಿಯಿರಲಿ, ದಾಳಿಂಬೆಯಿರಲಿ, ನೀರು ತಪ್ಪಬಾರದ ಹೊತ್ತಿನಲ್ಲಿ ಮೋಟಾರು ಸುಟ್ಟಿತೆಂದರೆ ಬೆಳೆ ಬಾಡುವುದು ಒಂದು ಕಡೆ, ಕಾಯಿಲು ಕಟ್ಟಿಸುವ ಖರ್ಚು ಇನ್ನೊಂದು ಕಡೆ. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: “ವೋಲ್ಟೇಜು ಇರಲಿಲ್ಲ.” ಇದು ಅರ್ಧ ನಿಜ. ಉಳಿದರ್ಧ ಕಾರಣ ಅನೇಕ ವೇಳೆ ಗೋಡೆಯ ಮೇಲಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಪೆಟ್ಟಿಗೆಯ ಜೊತೆಗೆ ಬರುವ ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುವುದರಿಂದ ನಮ್ಮವರು ಅದನ್ನು ಮಡಚಿ ಮಾಡದಲ್ಲಿ ಇಟ್ಟುಬಿಡುವುದುಂಟು. ಆದುದರಿಂದ ಆ ವಿಷಯವನ್ನು ಇಲ್ಲಿ ಕನ್ನಡದಲ್ಲಿ ತಿಳಿಸಬೇಕೆಂದಿದ್ದೇವೆ.

ಮೊದಲು ಮೋಟಾರಿನ ಸ್ವಭಾವವನ್ನು ನೋಡೋಣ. ಅದರ ಹೊರ ಚಿಪ್ಪಿನಲ್ಲಿ ಮೂರು ಸುರುಳಿಗಳಿರುತ್ತವೆ. ಮೂರು ಫೇಜಿನ ಕರೆಂಟು ಇವುಗಳಲ್ಲಿ ಹರಿದಾಗ ಒಳಗೆ ಅಯಸ್ಕಾಂತದ ಶಕ್ತಿಯೊಂದು ಗಿರನೆ ಸುತ್ತತೊಡಗುತ್ತದೆ. ನಾಲ್ಕು ಧ್ರುವದ ಮೋಟಾರಿನಲ್ಲಿ ಅದು ನಿಮಿಷಕ್ಕೆ 1500 ಸುತ್ತು. ನಡುವೆ ತಿರುಗುವ ರೋಟರಿಗೆ ಹೊರಗಿನಿಂದ ಯಾವ ತಂತಿಯೂ ಹೋಗಿರುವುದಿಲ್ಲ. ಸುತ್ತುವ ಅಯಸ್ಕಾಂತವೇ ಅದರ ಸಲಾಕೆಗಳಲ್ಲಿ ಕರೆಂಟನ್ನು ಹುಟ್ಟಿಸಿ ಅದನ್ನು ಎಳೆದುಕೊಂಡು ಹೋಗುತ್ತದೆ. ರೋಟರು ನಿಂತೇ ಇರುವಾಗ ಈ ಎರಡರ ವೇಗದ ಅಂತರ ಪೂರ್ಣ 1500 ಸುತ್ತು. ಅಂತರ ಹೆಚ್ಚಿದಷ್ಟೂ ಕರೆಂಟು ಹೆಚ್ಚು. ಓಟಕ್ಕೆ ಬಿದ್ದ ಮೇಲೆ ರೋಟರು 1440ರಷ್ಟು ಸುತ್ತುತ್ತದೆ, ಅಂತರ 60ಕ್ಕೆ ಇಳಿಯುತ್ತದೆ, ಕರೆಂಟೂ ಇಳಿಯುತ್ತದೆ. ಕೆಸರಿನಲ್ಲಿ ನಿಂತ ಹೇರು ಚಕ್ಕಡಿಯನ್ನು ಕದಲಿಸುವಾಗ ಎತ್ತು ಮೊಣಕಾಲು ಊರುತ್ತದೆ. ಗಾಲಿ ಉರುಳಿದ ಮೇಲೆ ಅದೇ ಎತ್ತು ಗಂಟೆ ಆಡಿಸುತ್ತ ನಡೆಯುತ್ತದೆ. ಮೋಟಾರಿನದೂ ಇದೇ ಪಾಡು.

ಹೀಗಾಗಿ ನೇರವಾಗಿ ಚಾಲೂ ಮಾಡಿದ ಮೋಟಾರು ಏಳುವ ಆ ಕೆಲವು ಸೆಕೆಂಡುಗಳಲ್ಲಿ ತನ್ನ ನಿತ್ಯದ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. 10 ಅಶ್ವಶಕ್ತಿಯ ಮೋಟಾರಿನ ನಿತ್ಯದ ಕರೆಂಟು 415 ವೋಲ್ಟಿನಲ್ಲಿ ಸುಮಾರು 14 ಆಂಪಿಯರು. ಆರು ಪಟ್ಟೆಂದರೆ 84. ನಮ್ಮ ಕಡೆಯವರು ಡಿ.ಪಿ. ಎಂದೂ ಕರ್ನಾಟಕದ ಕಡೆಯವರು ಟಿ.ಸಿ. ಎಂದೂ ಕರೆಯುವ ಟ್ರಾನ್ಸ್‌ಫಾರ್ಮರು 63 ಕೆ.ವಿ.ಎ.ಯದಾಗಿದ್ದರೆ, ಅದು ಹೊರತಕ್ಕ ಪೂರ್ಣ ಕರೆಂಟೇ 84 ಆಂಪಿಯರು. ಒಬ್ಬನ ಮೋಟಾರು ಏಳುವುದಕ್ಕೆ ಊರ ಡಿ.ಪಿ.ಯ ಪೂರ್ಣ ಶಕ್ತಿ ಬೇಕಾಯಿತು! ಆದಕಾರಣವೇ ಸಾಮಾನ್ಯವಾಗಿ 5 ಅಶ್ವಶಕ್ತಿಯವರೆಗಿನ ಮೋಟಾರುಗಳಿಗೆ ಮಾತ್ರ ನೇರ ಸ್ಟಾರ್ಟರನ್ನೂ, ಅದಕ್ಕಿಂತ ದೊಡ್ಡವುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನೂ ಹಾಕುತ್ತಾರೆ.

ಸ್ಟಾರ್ ಎಂದರೆ ನಕ್ಷತ್ರ. ಮೂರು ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಕಟ್ಟಿ, ಉಳಿದ ಮೂರು ತುದಿಗಳಿಗೆ ಮೂರು ಫೇಜು ಕೊಡುವುದು ಸ್ಟಾರ್ ಜೋಡಣೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ತ್ರಿಕೋನ ಮಾಡಿ, ಮೂರು ಮೂಲೆಗಳಿಗೆ ಫೇಜು ಕೊಡುವುದು ಡೆಲ್ಟಾ. ಡೆಲ್ಟಾದಲ್ಲಿ ಪ್ರತಿ ಸುರುಳಿಗೆ ಪೂರ್ಣ 415 ವೋಲ್ಟು ಸಿಕ್ಕುತ್ತದೆ. ಸ್ಟಾರಿನಲ್ಲಿ 240 ಮಾತ್ರ. ವೋಲ್ಟು ಕಡಿಮೆಯಾದುದರಿಂದ ಸುರುಳಿಯ ಕರೆಂಟು ಒಂದು ಸಲ ಇಳಿಯಿತು. ಅಲ್ಲದೆ ಡೆಲ್ಟಾದಲ್ಲಿ ಪ್ರತಿ ಮೂಲೆಯ ತಂತಿ ಎರಡು ಸುರುಳಿಗಳನ್ನು ಸಾಕಬೇಕು, ಸ್ಟಾರಿನಲ್ಲಿ ಒಂದನ್ನೇ. ಹೀಗೆ ಎರಡು ಕಡೆಯ ಉಳಿತಾಯ ಸೇರಿ ತಂತಿಯ ಕರೆಂಟು ಮೂರರಲ್ಲಿ ಒಂದು ಪಾಲಾಗುತ್ತದೆ. 84ರ ಬದಲು 28 ಆಂಪಿಯರು.

ಆದರೆ ಇದು ಪುಕ್ಕಟೆ ಲಾಭವಲ್ಲ. ಮೋಟಾರಿನ ಎಳೆಯುವ ಬಲ ವೋಲ್ಟಿನ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ, ಎಂದರೆ ವೋಲ್ಟು ಅರ್ಧವಾದರೆ ಬಲ ಕಾಲು ಭಾಗ. ಸ್ಟಾರಿನಲ್ಲಿ ಬಲವೂ ಮೂರರಲ್ಲಿ ಒಂದೇ ಪಾಲು ಉಳಿಯುತ್ತದೆ. ಇದನ್ನು ಮರೆಯುವವರೇ ಹೆಚ್ಚು. ಪುಣ್ಯಕ್ಕೆ ಬಾವಿಯ ಪಂಪು ಸಾಧು ಪ್ರಾಣಿ. ನಿಧಾನವಾಗಿ ತಿರುಗುವಾಗ ಅದಕ್ಕೆ ಬೇಕಾಗುವ ಬಲ ಅಲ್ಪ, ವೇಗ ಏರಿದಂತೆ ಭಾರವೂ ಏರುತ್ತದೆ. ಮೇಲಿನ ಪೈಪಿನ ವಾಲ್ವನ್ನು ಮುಚ್ಚಿಕೊಂಡು ಚಾಲೂ ಮಾಡಿ, ಓಟಕ್ಕೆ ಬಂದ ಮೇಲೆ ಮೆಲ್ಲನೆ ತೆರೆದರೆ ಇನ್ನೂ ಹಗುರ. ಕಬ್ಬಿನ ಗಾಣ ಹಾಗಲ್ಲ. ಗಾಣದ ಬಾಯಲ್ಲಿ ಕಬ್ಬು ಸಿಕ್ಕಿಕೊಂಡಿರುವಾಗ ಸ್ಟಾರಿಗೆ ಹಾಕಿದರೆ ಮೋಟಾರು ಗುಂಯ್‌ಗುಡುತ್ತ ನಿಲ್ಲುತ್ತದೆಯೇ ಹೊರತು ಏಳುವುದಿಲ್ಲ. ಗಾಣವನ್ನು ಬರಿದು ಮಾಡಿಯೇ ತಿರುಗಿಸತಕ್ಕದ್ದು.

ಸ್ಟಾರಿನಿಂದ ಡೆಲ್ಟಾಕ್ಕೆ ಯಾವಾಗ ಹೊರಳಿಸಬೇಕು? ಕೈಹಿಡಿಯ ಸ್ಟಾರ್ಟರು ಇದ್ದವರು ಒಂದು, ಎರಡು ಎಣಿಸುವುದರೊಳಗೆ ಹಿಡಿಯನ್ನು ಎಳೆದುಬಿಡುವುದನ್ನು ಕಂಡಿದ್ದೇವೆ. ಅರ್ಧ ವೇಗದಲ್ಲಿ ಡೆಲ್ಟಾಕ್ಕೆ ಬಿದ್ದ ಮೋಟಾರು ನೇರ ಚಾಲೂ ಮಾಡಿದಷ್ಟೇ ಜೋರಾಗಿ ಕರೆಂಟನ್ನು ಎಳೆಯುತ್ತದೆ. ಸ್ಟಾರಿಗೆ ಹಾಕಿದ ಶ್ರಮ ನೀರಿನಲ್ಲಿ ಹೋಮ. ಕಿವಿಗೊಟ್ಟು ಕೇಳಿದರೆ ಮೋಟಾರಿನ ಸ್ವರ ಏರುತ್ತ ಹೋಗಿ ಒಂದು ಕಡೆ ಸಮನಾಗಿ ನಿಲ್ಲುತ್ತದೆ. ಆಗ ಹೊರಳಿಸಬೇಕು. ಪಂಪಿಗೆ ಸಾಮಾನ್ಯವಾಗಿ 5ರಿಂದ 10 ಸೆಕೆಂಡು ಸಾಕು. ತಾನೇ ಹೊರಳುವ ಸ್ಟಾರ್ಟರಿನ ಟೈಮರನ್ನೂ ಇದೇ ಅಂದಾಜಿನ ಮೇಲೆ ಇಡಿಸಬೇಕು.

ಇನ್ನು ಹೆಚ್ಚು ಅಪಾಯದ ವಿಷಯ. ಹೊರಳಬೇಕಾದ ಮೋಟಾರು ಹೊರಳದೆ ಸ್ಟಾರಿನಲ್ಲಿಯೇ ಉಳಿದರೆ? ನಮಗೆ ತಿಳಿದ ಒಂದು ಬಾವಿಯಲ್ಲಿ 10 ಅಶ್ವಶಕ್ತಿಯ ಮೋಟಾರನ್ನು ಒಂದೇ ಬೇಸಿಗೆಯಲ್ಲಿ ಎರಡು ಸಲ ಕಟ್ಟಿಸಿದರು. ನೀರಿನ ಧಾರೆ ಸಣ್ಣದಾಗಿತ್ತು. ಯಜಮಾನರು ಬಾವಿಯ ಸೆಲೆಯೇ ಬತ್ತಿತೆಂದು ತಿಳಿದಿದ್ದರು. ಮೂರನೆಯ ಸಲ ಜಾಣ ವೈರ್‌ಮನ್ ಒಬ್ಬರು ಸ್ಟಾರ್ಟರನ್ನು ಬಿಚ್ಚಿ ನೋಡಿದಾಗ ಡೆಲ್ಟಾ ಕಾಂಟ್ಯಾಕ್ಟರಿನ ತುಟಿಗಳು ಸುಟ್ಟು ಕರಿಕಾಗಿದ್ದವು. ಮೋಟಾರು ದಿನವಿಡೀ ಸ್ಟಾರಿನಲ್ಲಿಯೇ ಓಡುತ್ತಿತ್ತು. ಡೆಲ್ಟಾದಲ್ಲಿ ತಂತಿಯ 14 ಆಂಪಿಯರು ಸುರುಳಿಗಳಲ್ಲಿ ಹಂಚಿಹೋಗಿ ಒಂದೊಂದಕ್ಕೆ 8 ಮಾತ್ರ ಬರುತ್ತದೆ. ಸ್ಟಾರಿನಲ್ಲಿ ಹಂಚಿಕೆಯೇ ಇಲ್ಲ, 14 ಅಥವಾ ಅದಕ್ಕೂ ಹೆಚ್ಚು ನೆಟ್ಟಗೆ ಸುರುಳಿಯೊಳಗೆ ನುಗ್ಗುತ್ತದೆ. ಕಾವು ಕರೆಂಟಿನ ವರ್ಗದಂತೆ ಏರುವುದರಿಂದ ಮೂರು ಪಟ್ಟಾಗುತ್ತದೆ. ಕಾಯಿಲು ಉಳಿಯುವುದು ಹೇಗೆ?

“ಓವರ್‌ಲೋಡ್ ರಿಲೇ ಇತ್ತಲ್ಲ, ಅದೇಕೆ ಬೀಳಲಿಲ್ಲ?” ಎಂದು ಓದುಗರು ಕೇಳಬಹುದು. ಇತ್ತು. ಆದರೆ ಅದರ ಮುಳ್ಳನ್ನು 14ರ ಮೇಲೆ ಇಟ್ಟಿದ್ದರು. ಮೋಟಾರಿನ ಪಟ್ಟಿಯ ಮೇಲೆ 14 ಎಂದು ಬರೆದಿದೆ, ರಿಲೇಗೂ 14 ಎಂಬುದು ಅವರ ಲೆಕ್ಕ. ಹೆಚ್ಚಿನ ಸ್ಟಾರ್-ಡೆಲ್ಟಾ ಸ್ಟಾರ್ಟರುಗಳಲ್ಲಿ ರಿಲೇ ಇರುವುದು ಸುರುಳಿಯ ಹಾದಿಯಲ್ಲಿ. ಅಲ್ಲಿ ಪಟ್ಟಿಯ ಅಂಕಿಯನ್ನು 0.58ರಿಂದ ಗುಣಿಸಿ ಬಂದ ಅಂಕಿಗೆ ಇಡಬೇಕು: 14ಕ್ಕೆ 8.1. ಹಾಗೆ ಮಾಡದೆ 14ರ ಮೇಲೆ ಇಟ್ಟರೆ ಡೆಲ್ಟಾದಲ್ಲಿ ತಂತಿಯ ಕರೆಂಟು 24 ದಾಟುವ ತನಕ ರಿಲೇ ಕಣ್ಣು ತೆರೆಯುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಮಾತ್ರ ರಿಲೇ ಒಳಬರುವ ಮುಖ್ಯ ತಂತಿಯಲ್ಲಿಯೇ ಇರುತ್ತದೆ. ಅಲ್ಲಿ ಪೂರ್ಣ 14 ಸರಿ. ನಿಮ್ಮದು ಯಾವ ತರಹದ್ದೆಂದು ವೈರ್‌ಮನ್‌ನಿಂದ ತಿಳಿದುಕೊಂಡು, ಅಂಕಿಯನ್ನು ಪೆಟ್ಟಿಗೆಯ ಬಾಗಿಲಿನ ಒಳಗೆ ಬರೆದಿಡಿರಿ. ರಿಲೇ ಪದೇ ಪದೇ ಬೀಳುತ್ತದೆಂದು ಮುಳ್ಳನ್ನು ಮೇಲೇರಿಸುವವರು ಜ್ವರಮಾಪಕವನ್ನು ಒಡೆದು ಜ್ವರ ಇಳಿಯಿತೆನ್ನುವವರ ಸಾಲಿಗೆ ಸೇರಿದವರು.

ವೋಲ್ಟೇಜಿನ ಮಾತನ್ನೂ ಇಲ್ಲಿಯೇ ಮುಗಿಸೋಣ. 415ರ ಬದಲು 300 ವೋಲ್ಟು ಬಂದರೆ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸ್ಟಾರಿನಲ್ಲಿ ಅದರಲ್ಲಿಯೂ ಮೂರರಲ್ಲಿ ಒಂದು, ಎಂದರೆ ಆರರಲ್ಲಿ ಒಂದು ಪಾಲು. ವಾಲ್ವು ತೆರೆದಿದ್ದರೆ ಪಂಪು ನಡುವೇಗದಲ್ಲಿ ತೂಗುತ್ತ ನಿಲ್ಲುತ್ತದೆ. ಟೈಮರಿಗೆ ಇದೇನೂ ತಿಳಿಯದು, ಅದು ಹೊತ್ತಿಗೆ ಸರಿಯಾಗಿ ಡೆಲ್ಟಾಕ್ಕೆ ಹಾಕಿಬಿಡುತ್ತದೆ. ಸರದಿಯ ಕರೆಂಟು ಬರುವ ಹೊತ್ತಿಗೆ ಎಲ್ಲರೂ ಆಟೋಸ್ವಿಚ್ಚು ಹಾಕಿ ಮನೆಯಲ್ಲಿ ಮಲಗಿರುತ್ತಾರೆ. ಒಂದು ಡಿ.ಪಿ.ಯ ಮೇಲೆ 10 ಅಶ್ವಶಕ್ತಿಯ ಆರು ಮೋಟಾರುಗಳಿದ್ದರೆ ಓಡುವಾಗ 84 ಆಂಪಿಯರು. ಒಟ್ಟಿಗೆ ಸ್ಟಾರಿನಲ್ಲಿ ಎದ್ದರೆ 168, ಒಟ್ಟಿಗೆ ನೇರವಾಗಿ ಎದ್ದರೆ 504. ವೋಲ್ಟು ಕುಸಿದು ಕಾಂಟ್ಯಾಕ್ಟರುಗಳು ಟಕಟಕ ಬಡಿದುಕೊಂಡು ತುಟಿ ಸುಟ್ಟುಕೊಳ್ಳುವುದು ಆಗಲೇ. ಒಂದೇ ಡಿ.ಪಿ.ಯವರು ಕೂಡಿ ಮಾತಾಡಿ, ಆಟೋಸ್ವಿಚ್ಚಿನ ತಡವನ್ನು ಒಬ್ಬರದು ಅರ್ಧ ನಿಮಿಷ, ಇನ್ನೊಬ್ಬರದು ಒಂದು ನಿಮಿಷ, ಮತ್ತೊಬ್ಬರದು ಒಂದೂವರೆ ಎಂದು ಬೇರೆ ಬೇರೆ ಇಟ್ಟುಕೊಂಡರೆ ಇದು ತಪ್ಪುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ, ನೆರೆಹೊರೆಯವರ ಒಪ್ಪಿಗೆಯೊಂದೇ ಬೇಕು. (ಅದೇ ಕಷ್ಟವೆಂಬುದನ್ನೂ ಬಲ್ಲೆವು.)

ಹೊಸ ಮೋಟಾರು ಕೊಳ್ಳುವವರಿಗೆ ಒಂದು ಸೂಚನೆ. ಸ್ಟಾರ್-ಡೆಲ್ಟಾ ಮಾಡಬೇಕಾದರೆ ಮೋಟಾರಿನಿಂದ ಆರು ತಂತಿಗಳು ಹೊರಬಂದಿರಬೇಕು, ಪಟ್ಟಿಯ ಮೇಲೆ 415 ವೋಲ್ಟಿನ ಮುಂದೆ ತ್ರಿಕೋನದ ಗುರುತು ಇರಬೇಕು. ಕೊಳವೆಬಾವಿಗೆ ಇಳಿಸುವ ಮೋಟಾರಿನಿಂದ ಮೂರೇ ತಂತಿ ಬಂದಿದ್ದರೆ ಅದು ಈ ಸ್ಟಾರ್ಟರಿಗೆ ಒಗ್ಗುವುದಿಲ್ಲ. ಆರು ತಂತಿಯ ಮೋಟಾರನ್ನು ಮೇಲೆತ್ತಿ ದುರಸ್ತಿ ಮಾಡಿಸಿದಾಗ ಪ್ರತಿ ತುದಿಗೂ ಗುರುತಿನ ಚೀಟಿ ಕಟ್ಟಿಸಿಯೇ ಕೆಳಗಿಳಿಸಿರಿ. ಒಂದು ಸುರುಳಿಯ ತಲೆ ಬಾಲ ಅದಲು ಬದಲಾದರೂ ಮೋಟಾರು ಗುಡುಗುತ್ತದೆ, ಏಳುವುದಿಲ್ಲ. ಪೆಟ್ಟಿಗೆಗೆ ಕೈ ಹಾಕುವ ಮೊದಲು ಹಿಂದಿನ ಮೇನ್ ಸ್ವಿಚ್ಚನ್ನು ತೆಗೆಯಬೇಕು. ಮೋಟಾರು ನಿಂತಿದೆಯೆಂದ ಮಾತ್ರಕ್ಕೆ ಸ್ಟಾರ್ಟರಿನ ಒಳಗೆ ಕರೆಂಟಿಲ್ಲವೆಂದಲ್ಲ.