ಕೊಂಡಿ ಹಾಕುವ ಜಾಗ

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಮನೆಗೆ ಬಂದಳು. ಕುಷ್ಟಗಿಯಲ್ಲಿ ಪದವಿ ಓದುತ್ತಾಳೆ, ದಿನಾ ಹನುಮಸಾಗರದಿಂದ ಬಸ್ಸಿಗೆ ಹೋಗಿ ಬರುತ್ತಾಳೆ. "ಕಾಕಾ, ಮುಂಜಾನೆಯಿಂದ ಇಳ್ಯಾಕತ್ತೈತ್ರಿ, ಇನ್ನೂ ಅರ್ಧಾ ಆಗಿಲ್ಲ. ನಡುವ ಕರೆಂಟ್ ಹೋತು, ಮತ್ತ ಮೊದಲಿಂದ ಶುರುವಾತು. ಇವತ್ತಿನ ನೆಟ್ ಮುಗದೇ ಹೋತು" ಎಂದಳು. ಮುಕ್ತ ತಂತ್ರಾಂಶಕ್ಕೆ ತಾನೂ ಕೈಜೋಡಿಸಬೇಕು ಎಂಬುದು ಅವಳ ಆಸೆ. ಯಾರೋ ಒಂದು ದೊಡ್ಡ ಯೋಜನೆಯ ಹೆಸರು ಹೇಳಿದ್ದರು. ಇವಳು ಅಪ್ಪನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತಿದ್ದಳು.

ಗಿಟ್ ಬಳಸುವವರಿಗೆ ಈ ಸಂಕಟ ಗೊತ್ತು. ಒಂದು ರೆಪೊಸಿಟರಿಯನ್ನು, ಅಂದರೆ ಯೋಜನೆಯ ಕೋಡಿನ ಉಗ್ರಾಣವನ್ನು, ಇಳಿಸಿಕೊಂಡರೆ ಇವತ್ತಿನ ಕೋಡ್ ಒಂದೇ ಬರುವುದಿಲ್ಲ, ಹತ್ತಿಪ್ಪತ್ತು ವರ್ಷಗಳಲ್ಲಿ ಯಾರು ಯಾವ ಸಾಲು ಬರೆದರು, ಯಾರು ಅಳಿಸಿದರು ಎಂಬ ಚರಿತ್ರೆಯೆಲ್ಲ ಬರುತ್ತದೆ. ದೊಡ್ಡ ಯೋಜನೆಗಳಲ್ಲಿ ಅದು ಜಿಬಿ ಲೆಕ್ಕಕ್ಕೆ ಹೋಗುತ್ತದೆ. ನಡುವೆ ಸಂಪರ್ಕ ಕಡಿದರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಸೊನ್ನೆಯಿಂದ ಶುರು. ಚರಿತ್ರೆ ಬಿಟ್ಟು ಕೊನೆಯ ಪ್ರತಿಯನ್ನಷ್ಟೇ ಇಳಿಸಿಕೊಳ್ಳುವ ಉಪಾಯವೂ ಇದೆ. ಅದನ್ನು ಮೊದಲ ದಿನವೇ ಬಂದವರಿಗೆ ಯಾರು ಹೇಳುತ್ತಾರೆ? ಇಳಿಸಿಕೊಂಡ ಮೇಲೆ ಆ ಕೋಡಿನಿಂದ ತಂತ್ರಾಂಶ ಕಟ್ಟುವ ಕೆಲಸ ಬೇರೆ. ನಾಲ್ಕು ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಅದು ರಾತ್ರಿಯಿಡೀ ಬುಸುಗುಟ್ಟುತ್ತದೆ. ಇಷ್ಟೆಲ್ಲ ಆದ ಮೇಲೆ ಆಕೆ ತಿದ್ದಬೇಕೆಂದುಕೊಂಡದ್ದು ಒಂದೇ ಒಂದು ಸಾಲು.

ದೊಡ್ಡ ಮುಕ್ತ ತಂತ್ರಾಂಶ ಯೋಜನೆಗಳನ್ನು ಚಿಕ್ಕ ಚಿಕ್ಕ ರೆಪೊಸಿಟರಿಗಳಾಗಿ ಒಡೆಯಬೇಕೇ ಎಂಬ ಚರ್ಚೆ ಹಳೆಯದು. ಸಾಮಾನ್ಯವಾಗಿ ಅದು ಎಂಜಿನಿಯರುಗಳ ಮನೆಯೊಳಗಿನ ಮಾತಿನಂತೆ ನಡೆಯುತ್ತದೆ: ನಿರ್ವಹಣೆ ಸುಲಭವೋ ಕಷ್ಟವೋ, ಆವೃತ್ತಿಗಳು ಹೊಂದುತ್ತವೋ ಇಲ್ಲವೋ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು. ಎಲ್ಲಿ ಕತ್ತರಿಸುತ್ತೀರಿ ಎಂಬುದರ ಮೇಲೆ ಯಾರು ಒಳಗೆ ಬರಬಲ್ಲರು ಎಂಬುದು ನಿಂತಿದೆ. ಕನ್ನಡದ ಮಟ್ಟಿಗೆ ಇದಕ್ಕೆ ಒಂದು ಚೊಕ್ಕ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ.

ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅದರೊಳಗೆ ಭಾರತೀಯ ಭಾಷೆಗಳಲ್ಲಿ ನೇರವಾಗಿ ಟೈಪ್ ಮಾಡಲು 'ನಾರಾಯಂ' ಎಂಬ ವಿಸ್ತರಣೆ ಇತ್ತು. ಮಲಯಾಳಂ ವಿಕಿಪೀಡಿಯದ ಜುನೈದ್ ಪಿ. ವಿ. ಅವರ ಕೆಲಸದಿಂದ ಬೆಳೆದದ್ದು ಅದು. ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಕಂಟಕ್ಕೆ ಮಲಯಾಳದಲ್ಲಿ ನಾರಾಯಂ ಎನ್ನುತ್ತಾರೆ, ಎಷ್ಟು ಒಪ್ಪುವ ಹೆಸರು! ಆದರೆ ಅದರಲ್ಲಿ ಒಂದು ಕೀಲಿಯ ನಿಯಮ ತಿದ್ದಿ ಪರೀಕ್ಷಿಸಬೇಕೆಂದರೆ ಮೊದಲು ನಿಮ್ಮ ಯಂತ್ರದಲ್ಲಿ ಒಂದು ಇಡೀ ವಿಕಿಯನ್ನೇ ಎಬ್ಬಿಸಬೇಕಿತ್ತು. ಪಿಎಚ್‌ಪಿ ಬೇಕು, ಡೇಟಾಬೇಸ್ ಬೇಕು. ತಿದ್ದಿದ್ದನ್ನು ಕಳಿಸಲು ಗೆರಿಟ್ ಎಂಬ ಪರಿಶೀಲನಾ ವ್ಯವಸ್ಥೆಯ ಕಟ್ಟುಪಾಡು ಕಲಿಯಬೇಕು. 'ಷ' ಎಲ್ಲಿರಬೇಕು ಎಂದು ಹೇಳಲು ಬಂದ ಕನ್ನಡಿಗನಿಗೆ ಇದೆಲ್ಲ ಯಾಕೆ?

2012ರಲ್ಲಿ ವಿಕಿಮೀಡಿಯ ಫೌಂಡೇಶನ್ನಿನ ಭಾಷಾ ತಂತ್ರಜ್ಞಾನ ತಂಡ ಇದಕ್ಕೆ ಕೈಹಾಕಿತು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಸಂತೋಷ್ ತೋಟ್ಟಿಂಗಲ್ ಆ ತಂಡದಲ್ಲಿದ್ದರು. ತಂಡದವರು ಮೀಡಿಯಾವಿಕಿಯ ಹೊಟ್ಟೆಯೊಳಗಿದ್ದ ಭಾಷೆಯ ಕೆಲಸಗಳನ್ನು ಹೊರತೆಗೆದು, ವಿಕಿಯ ಹಂಗಿಲ್ಲದೆ ಯಾವ ಜಾಲತಾಣದಲ್ಲೂ ಬಳಸಬಹುದಾದ ಬಿಡಿ ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನಾಗಿ ಮಾಡಿದರು. ಯೋಜನೆಗೆ 'ಮಿಲ್ಕ್‌ಶೇಕ್' ಎಂದು ಹೆಸರಿಟ್ಟರು. ಟೈಪಿಂಗಿಗೆ ಒಂದು, ಅಕ್ಷರವಿನ್ಯಾಸಕ್ಕೆ ಒಂದು, ಭಾಷೆ ಆರಿಸಿಕೊಳ್ಳುವುದಕ್ಕೆ ಒಂದು, ಅನುವಾದಿತ ಸಾಲುಗಳನ್ನು ತೋರಿಸುವುದಕ್ಕೆ ಒಂದು. ಪ್ರತಿಯೊಂದಕ್ಕೂ ಗಿಟ್‌ಹಬ್‌ನಲ್ಲಿ ಅದರದೇ ರೆಪೊಸಿಟರಿ.

ಟೈಪಿಂಗಿನದಕ್ಕೆ ಜೆಕ್ವೆರಿ ಐಎಮ್‌ಇ ಎಂದು ಹೆಸರು. ಇವತ್ತು ಅದರಲ್ಲಿ 62ಕ್ಕೂ ಹೆಚ್ಚು ಭಾಷೆಗಳ 135ಕ್ಕೂ ಹೆಚ್ಚು ಕೀಲಿಮಣೆಗಳಿವೆ. ಯಾವ ತಂಡವೂ ಕೂಡಿ ಕೂತು ಇಷ್ಟನ್ನು ಬರೆಯಲಾರದು, ಆಯಾ ಭಾಷೆಯವರು ಬಂದು ಬರೆದುಕೊಟ್ಟದ್ದು. ಒಳಗಿನ ಏರ್ಪಾಡು ಬಹಳ ಸರಳ. ಪ್ರತಿ ಭಾಷೆಗೆ ಒಂದು ಫೋಲ್ಡರು, ಪ್ರತಿ ಕೀಲಿಮಣೆಗೆ ಒಂದು ಕಡತ. ಕನ್ನಡದ ಫೋಲ್ಡರಿನಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್‌ಗಳ ಜೊತೆಗೆ ನಮಗೆ 'ನುಡಿ' ತಂತ್ರಾಂಶದಿಂದ ರೂಢಿಯಾದ, ಕೆ. ಪಿ. ರಾವ್ ಅವರು ರೂಪಿಸಿದ ಕಗಪ ವಿನ್ಯಾಸವೂ ಇದೆ. ಆ ಕಡತದ ತಲೆಯಲ್ಲಿ ಬರೆದವರ ಹೆಸರು ಅರವಿಂದ ವಿ. ಕೆ. ಎಂದಿದೆ. 'ಗುಬ್ಬಿ', 'ನವಿಲು' ಎಂಬ ಮುಕ್ತ ಕನ್ನಡ ಫಾಂಟ್‌ಗಳನ್ನು ಕೊಟ್ಟವರೂ ಅವರೇ.

ನಾನು ಆ ಹುಡುಗಿಗೆ ಅಂದು ತೋರಿಸಿದ್ದು ಈ ಕಡತವನ್ನು. ಅದನ್ನು ನೋಡಲು ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಬ್ರೌಸರಿನಲ್ಲೇ ತೆರೆಯುತ್ತದೆ. ಮೇಲೆ ಹೆಸರು, ವಿವರ, ದಿನಾಂಕ, ಲೈಸೆನ್ಸ್. ಕೆಳಗೆ ಜೋಡಿಗಳ ಪಟ್ಟಿ: ಎಡಕ್ಕೆ ಒತ್ತಿದ ಕೀಲಿ, ಬಲಕ್ಕೆ ಮೂಡಬೇಕಾದ ಅಕ್ಷರ. ಕೆ ಒತ್ತಿದರೆ ಕ, ಎಕ್ಸ್ ಒತ್ತಿದರೆ ಷ, ಎಫ್ ಒತ್ತಿದರೆ ಅರ್ಧಾಕ್ಷರದ ಗುರುತು. "ಕೊಪ್ಪಳ ಬರೀ ನೋಡೋಣ" ಎಂದೆ. ಅವಳು ಕಾಗದದ ಮೇಲೆ ಕೀಲಿಗಳನ್ನು ಬರೆದಳು: ಕೆ, ಓ, ಪಿ, ಎಫ್, ಪಿ, ಶಿಫ್ಟ್ ಹಿಡಿದು ಎಲ್. ಪಟ್ಟಿಯಲ್ಲಿ ಒಂದೊಂದನ್ನೇ ಬೆರಳಿಟ್ಟು ಹುಡುಕಿ ಸರಿಹೊಂದಿಸಿದಳು. ಹತ್ತು ನಿಮಿಷದಲ್ಲಿ ಅವಳಿಗೆ ಆ ಕಡತ ಪೂರ್ತಿ ತಿಳಿಯಿತು. ಪ್ರೋಗ್ರಾಮಿಂಗ್ ಅವಳಿಗೆ ಅಷ್ಟೇನೂ ಬರದು, ಕನ್ನಡ ಬರುತ್ತದೆ.

ಕನ್ನಡ ಬರುವುದು ಇಲ್ಲಿ ಸಣ್ಣ ಮಾತಲ್ಲ. ರ‍್ಯಾಂಕ್, ರ‍್ಯಾಲಿ ಎಂದು ಬರೆಯಬೇಕಾದಾಗ ಯುನಿಕೋಡ್ ನಿಯಮದ ಪ್ರಕಾರ ರಕಾರದ ಮುಂದೆ ಅರ್ಧಾಕ್ಷರದ ಗುರುತು ಹಾಕಿ ಯ ಸೇರಿಸಿದರೆ ಅದು ಅರ್ಕಾವತ್ತಾಗಿ ಬಿಡುತ್ತದೆ. ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಿ ಕೆಳಗೆ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಪತ್ರಿಕೆಗಳ ಜಾಲತಾಣಗಳಲ್ಲಿ 'ರ್ಯಾಂಕ್' ಎಂದು ವಕ್ರವಾಗಿ ಕಾಣುವುದು ಇದೇ ಕಾರಣಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತ ಎಷ್ಟೇ ಜಾಣ ಪ್ರೋಗ್ರಾಮರ್ ಆದರೂ ಇವೆರಡರಲ್ಲಿ ಯಾವುದು ತಪ್ಪೆಂದು ಹೇಳಲಾರ. ಹನುಮಸಾಗರದ ಕನ್ನಡ ಶಾಲೆಯಲ್ಲಿ ಓದಿದ ಯಾರಾದರೂ ಹೇಳುತ್ತಾರೆ. ಆ ಜ್ಞಾನ ಯೋಜನೆಯೊಳಗೆ ಹೋಗಲು ಒಂದು ದಾರಿ ಬೇಕು, ಆ ದಾರಿ ಅವರ ಅಳತೆಗೆ ಇರಬೇಕು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ನಾನು ಮಗ್ಗದ ಹತ್ತಿರ ಹೋಗುತ್ತೇನೆ. ಹನುಮಸಾಗರ, ದೋಟಿಹಾಳದ ಮನೆಗಳಲ್ಲಿ ನೇಯುವುದು ಇಳಕಲ್ ಸೀರೆ. ಅದರ ಹಾಸು ಒಂದೇ ತುಂಡಲ್ಲ. ಒಡಲಿನ ಹಾಸನ್ನು ಬೇರೆಯಾಗಿ ಹೂಡುತ್ತಾರೆ, ಸೆರಗಿನ ಹಾಸನ್ನು ಬೇರೆಯಾಗಿ, ದಡಿಯದನ್ನು ಇನ್ನೊಂದಾಗಿ. ಒಡಲು ಹತ್ತಿಯದಿರಬಹುದು, ಸೆರಗು ರೇಷ್ಮೆಯದು. ಹೀಗಾಗಿ ಒಂದೊಂದು ಸೀರೆಗೂ ಪ್ರತ್ಯೇಕ ಹಾಸು. ಕೊನೆಗೆ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಆ ಜೋಡಣೆಗೆ ಹೆಸರು ಕೊಂಡಿ. ಜಾಲತಾಣದ ಲಿಂಕಿಗೂ ನಾವು ಕೊಂಡಿ ಎಂದೇ ಕರೆಯುತ್ತೇವೆ. ನಮ್ಮ ಭಾಷೆ ಈ ಎರಡನ್ನೂ ಮೊದಲೇ ಜೋಡಿಸಿಟ್ಟಿದೆ.

ಒಮ್ಮೆ ನೆರೆಮನೆಯ ಅಜ್ಜನವರ ಕುಣಿಮಗ್ಗದ ಪಕ್ಕ ಕೂತು ಕೊಂಡಿ ಹಾಕುವುದನ್ನು ನೋಡಿದೆ. ಎಳೆ ಎಳೆಯಾಗಿ, ತಲೆ ಬಗ್ಗಿಸಿ, ಬಹಳ ಹೊತ್ತು. "ಒಂದು ಎಳಿ ತಪ್ಪಿದ್ರ ಏನಾಗ್ತದ್ರೀ?" ಎಂದು ಕೇಳಿದೆ. "ಸೆರಗು ಬಿಗಿ ಆಗಂಗಿಲ್ಲ ತಮ್ಮಾ. ಒಡಲು ಎಷ್ಟ ಚಲೋ ಇರ್ಲಿ, ಸೆರಗು ಎಷ್ಟ ಚಲೋ ಇರ್ಲಿ, ಕೊಂಡ್ಯಾಗ ಕೆಟ್ಟರ ಸೀರಿ ಕೆಟ್ಟಂಗ" ಎಂದರು. ಬಿಡಿಯಾಗಿ ಹೂಡುವುದರಿಂದ ಮನೆಯ ಹತ್ತು ಕೈಗೂ ಕೆಲಸ ಹಂಚುತ್ತದೆ, ಬಣ್ಣ ಬೇರೆ ಆಗಬಹುದು, ನೂಲು ಬೇರೆ ಆಗಬಹುದು. ಆದರೆ ಕೂಡಿಸುವವರ ಕೆಲಸ ಹೆಚ್ಚುತ್ತದೆ. ತಂತ್ರಾಂಶದಲ್ಲೂ ಇದು ಅಕ್ಷರಶಃ ನಿಜ.

ಫಾಂಟ್‌ಗಳ ವಿಷಯದಲ್ಲೂ ಇದೇ ನಡೆಯಿತು. ಡೆಬಿಯನ್ ಲಿನಕ್ಸ್‌ನಲ್ಲಿ ಬಹುಕಾಲ ಭಾರತದ ಎಲ್ಲ ಲಿಪಿಗಳ ಫಾಂಟ್‌ಗಳೂ ಒಂದೇ ದೊಡ್ಡ ಮೂಲ ಪೊಟ್ಟಣದಲ್ಲಿದ್ದವು. ಗುಜರಾತಿಯಲ್ಲಿ ಒಂದು ಅಕ್ಷರ ಸರಿಪಡಿಸಿದರೂ ಕನ್ನಡ, ತಮಿಳು ಎಲ್ಲ ಸೇರಿದ ಇಡೀ ಮೂಟೆಯನ್ನು ಮತ್ತೆ ಕಟ್ಟಬೇಕು. 2013ರಲ್ಲಿ ಬಂದ ಡೆಬಿಯನ್ 7ರ ಹೊತ್ತಿಗೆ ಅದನ್ನು ಬಿಡಿಸಿ ಬೇರೆ ಬೇರೆ ಪೊಟ್ಟಣಗಳನ್ನಾಗಿ ಮಾಡಲಾಗಿತ್ತು. ವಾಸುದೇವ ಕಾಮತ್ ಅವರಂಥ ಸ್ವಯಂಸೇವಕರು ದುಡಿದ ಕೆಲಸ ಅದು. ಗುಬ್ಬಿಗೆ ತನ್ನದೇ ಪೊಟ್ಟಣ, ನವಿಲಿಗೆ ತನ್ನದೇ. ಎಲ್ಲ ಕನ್ನಡ ಫಾಂಟ್ ಒಟ್ಟಿಗೆ ಬೇಕೆನ್ನುವವರಿಗೆ ಅವನ್ನೆಲ್ಲ ಎಳೆದುತರುವ ಒಂದು ಖಾಲಿ ಪೊಟ್ಟಣ. ಅದೂ ಒಂದು ಕೊಂಡಿಯೇ.

ಹೊರಜಗತ್ತಿನಲ್ಲೂ ಈ ಒಡೆಯುವ, ಕೂಡಿಸುವ ಆಟ ನಡೆದೇ ಇದೆ. ಲಿನಕ್ಸ್ ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆ 2005ರ ಡಿಸೆಂಬರ್ 21ರಂದು ಒಂದೇ ದಿನ ಎರಡು ರೂಪದಲ್ಲಿ ಬಂತು. 6.9 ಎಂಬುದು ಹಳೆಯ ಇಡಿಗಟ್ಟು, 7.0 ಎಂಬುದು ಅದೇ ಕೋಡನ್ನು ಬಿಡಿ ಭಾಗಗಳಾಗಿ ಒಡೆದದ್ದು. ಹಳೆಯದರಲ್ಲಿ ಒಂದು ಡ್ರೈವರ್ ತಿದ್ದಿದವರಿಗೂ ಕೋಡಿನ ಇಡೀ ಮರವೇ ಗಂಟುಬೀಳುತ್ತಿತ್ತು. ಸರ್ವರ್‌ಗಳನ್ನು ನಿರ್ವಹಿಸುವ ಆನ್ಸಿಬಲ್ ಯೋಜನೆಯಲ್ಲಿ ಹೊರಗಿನವರು ಕಳಿಸಿದ ತಿದ್ದುಪಡಿಗಳು ನೋಡುವವರಿಲ್ಲದೆ ರಾಶಿ ಬಿದ್ದಾಗ 2020ರಲ್ಲಿ ಸಾವಿರಾರು ಮಾಡ್ಯೂಲ್‌ಗಳನ್ನು ಬೇರೆ ಬೇರೆ ಸಂಗ್ರಹಗಳಾಗಿ ಹೊರಕ್ಕೆ ಸಾಗಿಸಿದರು. ಅದಕ್ಕೆ ಒಂದು ವರ್ಷ ಮೊದಲು, 2019ರಲ್ಲಿ, ಎಲ್‌ಎಲ್‌ವಿಎಮ್ ಕಂಪೈಲರಿನವರು ತದ್ವಿರುದ್ಧವಾಗಿ ತಮ್ಮ ಬಿಡಿ ಭಾಗಗಳನ್ನೆಲ್ಲ ಒಂದೇ ರೆಪೊಸಿಟರಿಗೆ ತಂದರು. ಅವರಲ್ಲಿ ಒಂದು ಬದಲಾವಣೆ ನಾಲ್ಕು ಭಾಗಗಳನ್ನು ಒಟ್ಟಿಗೆ ಮುಟ್ಟುತ್ತದೆ, ಒಡೆದಿದ್ದರೆ ನಾಲ್ಕು ಕಡೆ ಓಡಾಡಬೇಕು. ಲಿನಕ್ಸ್ ಕರ್ನಲ್ ಅಂತೂ ಇವತ್ತಿಗೂ ಒಂದೇ ಮರ. ಅಲ್ಲಿ ಜನ ಬರುವುದು ಕಡಿಮೆಯಾಗಿಲ್ಲ, ಯಾಕೆಂದರೆ ಯಾವ ಕೊಂಬೆಗೆ ಯಾರು ಜವಾಬ್ದಾರರು ಎಂಬ ಪಟ್ಟಿ ಆ ಮರದೊಳಗೇ ಇದೆ.

ಈ ಕೊನೆಯ ಮಾತನ್ನು ನಾನು ಸ್ವಂತ ನೋವಿನಿಂದ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ ಒಂದು ಯೋಜನೆಗೆ, ಹೆಸರು ಬೇಡ, ಕನ್ನಡದ ಅಂಕಿಗಳ ಬಗ್ಗೆ ಸಣ್ಣ ತಿದ್ದುಪಡಿ ಕಳಿಸಿದ್ದೆ. ರೆಪೊಸಿಟರಿ ಚಿಕ್ಕದಾಗಿ, ಓದಲು ಸುಲಭವಾಗಿ, ಬಹಳ ಚಂದವಾಗಿ ಒಡೆದಿತ್ತು. ಒಡೆದವರು ಮಾತ್ರ ಬೇರೆ ಕಡೆ ಹೋಗಿದ್ದರು. ತಿಂಗಳುಗಟ್ಟಲೆ ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮನೆಯನ್ನು ನಾಲ್ಕು ಕೋಣೆ ಮಾಡಿ ನಾಲ್ಕೂ ಬಾಗಿಲು ತೆರೆದಿಟ್ಟು ಒಳಗೆ ಯಾರೂ ಇಲ್ಲದಿದ್ದರೆ ಬಂದವರು ಎಷ್ಟು ಹೊತ್ತು ನಿಂತಾರು? ಆಮೇಲೆ ಒಂದೂವರೆ ವರ್ಷ ನಾನು ಯಾವ ಯೋಜನೆಗೂ ಏನನ್ನೂ ಕಳಿಸಲಿಲ್ಲ. ಹೊಸಬರಿಗೆ ಉತ್ತರ ಕೊಡದೆ ಬಿಡುವುದು ಎಷ್ಟು ಹಾನಿ ಮಾಡುತ್ತದೆ ಎಂಬುದು ಉತ್ತರ ಕೊಡಬೇಕಾದವರಿಗೆ ಗೊತ್ತೇ ಆಗುವುದಿಲ್ಲ, ಹೋದವರು ಹೇಳಿ ಹೋಗುವುದಿಲ್ಲವಲ್ಲ.

ಜೆಕ್ವೆರಿ ಐಎಮ್‌ಇಯಲ್ಲೂ ಕೊಂಡಿಯ ಕಷ್ಟ ಇದೆ. ಗಿಟ್‌ಹಬ್‌ನಲ್ಲಿ ಒಂದು ತಿದ್ದುಪಡಿ ಒಪ್ಪಿತವಾದ ಕೂಡಲೇ ಅದು ಕನ್ನಡ ವಿಕಿಪೀಡಿಯದಲ್ಲಿ ಕಾಣುವುದಿಲ್ಲ. ಭಾಷೆ ಆರಿಸುವ ವಿಸ್ತರಣೆಯೊಳಗೆ ಅದರ ಹೊಸ ಪ್ರತಿಯನ್ನು ಯಾರಾದರೂ ನಕಲಿಸಬೇಕು, ಆಮೇಲೆ ಅದು ವಿಕಿಗಳಿಗೆ ಇಳಿಯಬೇಕು. ಬಳಕೆದಾರರು ದೂರು ಬರೆಯುವುದು ಒಂದು ಕಡೆ, ಕೋಡ್ ಇರುವುದು ಇನ್ನೊಂದು ಕಡೆ. ಎರಡರ ನಡುವೆ ಓಡಾಡುವವರು ಬೇಕು. ಆದರೂ ಈ ಬೆಲೆ ಕೊಡಬೇಕಾದದ್ದೇ ಎಂದು ನನ್ನ ಗಟ್ಟಿಯಾದ ನಂಬಿಕೆ, ಯಾಕೆಂದರೆ ಇಲ್ಲಿ ಕತ್ತರಿ ಬಿದ್ದದ್ದು ಸರಿಯಾದ ಸಂದಿನಲ್ಲಿ. ಒಂದು ಬದಿಗೆ ಜಾವಾಸ್ಕ್ರಿಪ್ಟ್ ಬಲ್ಲವರ ಕೆಲಸ, ಇನ್ನೊಂದು ಬದಿಗೆ ಭಾಷೆ ಬಲ್ಲವರ ಕೆಲಸ. ಮೀಡಿಯಾವಿಕಿ 2014ರಲ್ಲಿ ತನ್ನ ಸಂದೇಶಗಳನ್ನೆಲ್ಲ ಭಾಷೆಗೊಂದು ಜೇಸನ್ ಕಡತವಾಗಿ ಬೇರ್ಪಡಿಸಿದ್ದೂ ಇದೇ ಸಂದಿನಲ್ಲೇ. ಕನ್ನಡದ ಕಡತ ತೆರೆದರೆ ಕೋಡಿನ ಸುಳಿವೇ ಇಲ್ಲ. ಮೇಲೆ ಅನುವಾದ ಮಾಡಿದವರ ಹೆಸರುಗಳು, ಕೆಳಗೆ ಅಚ್ಚ ಕನ್ನಡ ಸಾಲುಗಳು. ಬೆಂಗಳೂರಿನ ಕಂಪನಿಯ ಬಾಗಿಲನ್ನೂ ಕಾಣದವರ ಹೆಸರು ಜಗತ್ತೆಲ್ಲ ಬಳಸುವ ತಂತ್ರಾಂಶದೊಳಗೆ ಹೀಗೆ ಕೂತಿರುವುದನ್ನು ನೋಡಿದಾಗ ನನಗೆ ಮನಸ್ಸು ತುಂಬಿ ಬರುತ್ತದೆ.

ಆ ಹುಡುಗಿ ಮರುದಿನ ಮತ್ತೆ ಬಂದಳು. ಈ ಸಲ ಇಳಿಸಿಕೊಂಡದ್ದು ಆ ಟೈಪಿಂಗ್ ಲೈಬ್ರರಿಯ ಚಿಕ್ಕ ರೆಪೊಸಿಟರಿಯನ್ನು, ಅವಳು ಚಹಾ ಮುಗಿಸುವಷ್ಟರಲ್ಲಿ ಬಂತು. ಅದರಲ್ಲಿ ಪರೀಕ್ಷೆಗೆಂದು ಒಂದು ಕಡತ ಇದೆ. ಇಂಥ ಕೀಲಿಗಳನ್ನು ಒತ್ತಿದರೆ ಇಂಥ ಪದ ಮೂಡಬೇಕು ಎಂದು ಜೋಡಿ ಜೋಡಿಯಾಗಿ ಬರೆದಿರುತ್ತದೆ. ಯಾರಾದರೂ ಮುಂದೆ ಏನಾದರೂ ಕೆಡಿಸಿದರೆ ಆ ಜೋಡಿ ಕೂಗಿ ಹೇಳುತ್ತದೆ. ಅವಳು ತನ್ನ ಯಂತ್ರದಲ್ಲಿ ಕನ್ನಡಕ್ಕೆ ಹೊಸ ಜೋಡಿಗಳನ್ನು ಬರೆಯತೊಡಗಿದಳು. ರ‍್ಯಾಂಕ್ ಬರೆದಳು, ಕೊಪ್ಪಳ ಬರೆದಳು, ಯಲಬುರ್ಗಾ ಬರೆದಳು. ಕೊನೆಗೆ ಎಚ್, ಎನ್, ಯು, ಎಮ್, ಎಸ್, ಶಿಫ್ಟ್ ಹಿಡಿದು ಎ, ಜಿ, ಆರ್. ಎಂಟು ಕೀಲಿ. ಪರೀಕ್ಷೆ ಓಡಿಸಿದಳು, ಹಸಿರು ಗೆರೆ ಬಂತು. "ಕಾಕಾ, ನಮ್ಮೂರು ಪಾಸ್ ಆತ್ರಿ" ಎಂದಳು.